ಅಂಗಳಕ್ಕೆ ಇಳಿದ ಎಂಜಿನ್ನು

ಕೃಷ್ಣೆಯ ದಂಡೆಯ ತಿಂಥಣಿ ಎಂದೊಡನೆ ಜನರಿಗೆ ನೆನಪಾಗುವುದು ಮೌನೇಶ್ವರರು. ಹಿಂದೂಗಳೂ ಮುಸ್ಲಿಮರೂ ಸಮಾನ ಭಕ್ತಿಯಿಂದ ನಡೆದುಕೊಳ್ಳುವ ಈ ಕ್ಷೇತ್ರ ವಿಶ್ವಕರ್ಮರಿಗಂತೂ ಗುರುಸ್ಥಾನ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂಬ ಐದು ಕಸುಬುಗಳ ಪಂಚಾಳರು ಜಾತ್ರೆಗೆಂದು ಇಲ್ಲಿಗೆ ದೂರದೂರದಿಂದ ಬರುತ್ತಾರೆ. ಹಿಂದೆ ಚಕ್ಕಡಿಯಲ್ಲಿ ಬರುತ್ತಿದ್ದರು. ಈಗ ಜೀಪು, ಕಾರು, ಟ್ರ್ಯಾಕ್ಟರುಗಳಲ್ಲಿ ಬರುತ್ತಾರೆ. ಹಾಗೆ ಬಂದು ನಿಂತ ಯಾವುದಾದರೂ ಹಳೆಯ ಕಾರಿನ ಬಾನೆಟ್ ಎತ್ತಿ ನೋಡಿದರೆ ಆ ಐದೂ ಕಸುಬುಗಳು ಒಂದೇ ಕಡೆ ಕುಳಿತಿರುವುದು ಕಾಣುತ್ತದೆ.

ಗೇರಿನ ಹಲ್ಲನ್ನು ಕಾಯಿಸಿ ಹದ ಕೊಡುವುದು ಕಮ್ಮಾರನ ವಿದ್ಯೆ. ಎಂಜಿನ್ನಿನ ಬ್ಲಾಕು ಎರಕವಾಗುವ ಮೊದಲು ಅದಕ್ಕೊಂದು ಮಾದರಿ ಬೇಕು, ಅದು ಬಡಗಿಯ ಕೆಲಸವಾಗಿತ್ತು. ಬುಶ್ಶು, ಗೇರ್‌ಬಾಕ್ಸಿನ ಹಿತ್ತಾಳೆ ಉಂಗುರ ಕಂಚುಗಾರನ ವರಸೆ. ಸಿಲಿಂಡರಿನ ಒಳಗೋಡೆಯನ್ನು ಉಜ್ಜಿ ಹದಗೊಳಿಸುವುದು ಕಲ್ಲು. ನಾಲ್ಕು ಪಿಸ್ಟನ್ನುಗಳ ತೂಕ ಸರಿದೂಗಿಸಲು ಬೇಕಾದದ್ದು ಅಕ್ಕಸಾಲಿಗನ ತಕ್ಕಡಿ. ಮೋಟಾರು ಕಾರು ವಿಲಾಯತಿಯಿಂದ ಬಂದದ್ದೇನೋ ನಿಜ. ಆದರೆ ಅದನ್ನು ಬಿಚ್ಚಿ ಕಟ್ಟುವ ವಿದ್ಯೆ ಈ ನೆಲಕ್ಕೆ ಪೂರ್ತಿ ಹೊಸತೇನಲ್ಲ.

ಯಾದಗಿರಿ, ಶಹಾಪುರ, ಸುರಪುರದ ಕಡೆ ಯಂತ್ರ ಬಿಚ್ಚುವ ಕೈಗಳಿಗೆ ಬರವೂ ಇಲ್ಲ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕಾಲುವೆಯಲ್ಲಿ ನೀರು ಹರಿದ ಮೇಲೆ ಭತ್ತ ಬಂತು, ಭತ್ತದ ಬೆನ್ನಿಗೇ ಟ್ರ್ಯಾಕ್ಟರು, ಡೀಸೆಲ್ ಪಂಪು ಬಂದವು. ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರು ಕೈಕೊಟ್ಟರೆ ಕಲಬುರ್ಗಿಯಿಂದ ಕಂಪನಿಯವರು ಬರುವವರೆಗೆ ಹದ ಕಾಯುತ್ತದೆಯೆ? ಊರಲ್ಲೇ ಒಬ್ಬ ಮಿಸ್ತ್ರಿ ತಯಾರಾದ. ಅವನ ಕೈಕೆಳಗೆ ಪಾನಾ ಹಿಡಿದ ಹುಡುಗರು ತಯಾರಾದರು. ಆ ಹುಡುಗರೇ ಈಗ ಮನೆಯ ಅಂಗಳದಲ್ಲಿ ನಿಂತ ಹಳೆಯ ಅಂಬಾಸಿಡರನ್ನೋ ಜೀಪನ್ನೋ ನೋಡಿ, 'ಇದರ ಎಂಜಿನ್ನು, ಗೇರ್‌ಬಾಕ್ಸು ಇಳಿಸಿ ಹೊಸದು ಮಾಡಿದರೆ ಹೇಗೆ? ಜೊತೆಗೆ ಇನ್ನಷ್ಟು ಜೋರು ಮಾಡಿದರೆ ಹೇಗೆ?' ಎಂದು ಲೆಕ್ಕ ಹಾಕುವವರು.

ಹೊಸದು ಮಾಡಬಹುದು. ಮನೆಯಲ್ಲೇ ಮಾಡಬಹುದು. ಜೋರು ಮಾಡುವ ಮಾತು ಮಾತ್ರ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ಅರ್ಧ ತಾಪತ್ರಯ ಹುಟ್ಟುತ್ತದೆ.

ಅಂಬಾಸಿಡರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ತದ್ರೂಪವಾಗಿ 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾಡಾದಲ್ಲಿ ಹುಟ್ಟಿ, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ದೇಶದ ರಸ್ತೆಗಳನ್ನು ಆಳಿದ ಕಾರು ಇದು. ಅದರ ಹೆಸರಾದ ಪೆಟ್ರೋಲ್ ಎಂಜಿನ್ನು 1489 ಸಿಸಿಯದು. ಸಿಲಿಂಡರಿನ ಅಗಲ ಸುಮಾರು 73 ಮಿಲಿಮೀಟರು, ಪಿಸ್ಟನ್ನಿನ ಓಡಾಟ ಸುಮಾರು 89 ಮಿಲಿಮೀಟರು. ಎಲ್ಲವೂ ಕಣ್ಣಿಗೆ ಕಾಣುವ, ಕೈಗೆ ಎಟಕುವ ಯಂತ್ರ. ಕಂಪ್ಯೂಟರಿಲ್ಲ, ಸೆನ್ಸರುಗಳಿಲ್ಲ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಟಿ ಸಿಗಲಿಕ್ಕಿಲ್ಲ.

ಆದರೆ ಪಾನಾ ಹಿಡಿಯುವ ಮೊದಲು ಕಿವಿ, ಕಣ್ಣುಗಳಿಗೆ ಕೆಲಸವಿದೆ. ಹೊಗೆಯ ಬಣ್ಣ ಅರ್ಧ ಕಥೆ ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚಾಗಿದೆ. ಎಂಜಿನ್ನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ಇನ್ನರ್ಧ ಕಥೆಗೆ ಕಂಪ್ರೆಶನ್ ಗೇಜು ಇದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜು ಹಿಡಿದು, ಸ್ಟಾರ್ಟರ್ ತಿರುಗಿಸಿದರೆ ಒಂದೊಂದು ಸಿಲಿಂಡರು ಎಷ್ಟು ದಮ್ಮು ಕಟ್ಟುತ್ತದೆ ಎಂಬುದು ತಿಳಿಯುತ್ತದೆ. ಒಂದರಲ್ಲಿ ಕಡಿಮೆ ಬಂತೆನ್ನಿ. ಅದೇ ತೂತಿನಲ್ಲಿ ಒಂದು ಚಮಚೆ ಆಯಿಲ್ ಹಾಕಿ ಮತ್ತೆ ನೋಡಬೇಕು. ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗಿನದು, ಆಯಿಲ್ ಆ ಸಂದನ್ನು ಒಂದು ಗಳಿಗೆ ಮುಚ್ಚಿತು. ಏರದಿದ್ದರೆ ವಾಲ್ವಿನದೋ ಹೆಡ್ ಪ್ಯಾಕಿಂಗಿನದೋ ದೋಷ. ಒಂದು ಚಮಚೆ ಆಯಿಲ್ ಎಷ್ಟೋ ಸಲ ಸಾವಿರಾರು ರೂಪಾಯಿಯ ಅನಗತ್ಯ ಕೆಲಸ ತಪ್ಪಿಸುತ್ತದೆ.

ಗೇರ್‌ಬಾಕ್ಸಿಗೂ ಇಂಥದೊಂದು ಪರೀಕ್ಷೆ ಇದೆ, ಅದಕ್ಕೆ ಖರ್ಚೇ ಇಲ್ಲ. ಕಾರು ಓಡುವಾಗ ಯಾವ ಗೇರಿನಲ್ಲಿ ಗೊರಗೊರ ಸದ್ದು ಬರುತ್ತದೆಂದು ಗಮನಿಸಬೇಕು. ಒಂದೇ ಗೇರಿನಲ್ಲಿ ಬಂದರೆ ಆ ಗೇರಿನ ಹಲ್ಲು ಸವೆದಿದೆ. ಮೊದಲ ಮೂರರಲ್ಲೂ ಬಂದು ಟಾಪ್ ಗೇರಿಗೆ ಹೋದೊಡನೆ ಮಾಯವಾದರೆ ಕೆಳಗಿನ ಲೇ ಶಾಫ್ಟಿನ ಬೇರಿಂಗು ಹೋಗಿದೆ. ಕಾರಣ ಸರಳ. ಹಳೆಯ ನಾಲ್ಕು ಗೇರಿನ ಬಾಕ್ಸಿನಲ್ಲಿ ಟಾಪ್ ಎಂದರೆ ನೇರ ಓಟ. ಎಂಜಿನ್ನಿನ ತಿರುಗು ನೇರವಾಗಿ ಹಿಂದಿನ ಶಾಫ್ಟಿಗೆ ಹೋಗುತ್ತದೆ, ಲೇ ಶಾಫ್ಟಿನ ಮೇಲೆ ಭಾರವೇ ಬೀಳುವುದಿಲ್ಲ.

ಮಿಸ್ತ್ರಿಯ ಎದುರು ಮಾಲೀಕರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ರಿಂಗ್ ಹಾಕಿದ್ರ ಸಾಕಲ್ಲೇನಪಾ?" ಬಲ್ಲ ಮಿಸ್ತ್ರಿಯ ಉತ್ತರವೂ ಒಂದೇ: "ಯಜಮಾನ್ರ, ಮೊದ್ಲ ಅಳತಿ ನೋಡೂಣ್ರಿ. ಆಮ್ಯಾಲ ರೊಕ್ಕದ ಮಾತು." ಹೆಡ್ಡು ಇಳಿಸಿ ರಿಂಗು ಹಾಕುವುದಕ್ಕೆ ಗ್ಯಾರೇಜಿನ ಭಾಷೆಯಲ್ಲಿ 'ಹಾಫ್ ಎಂಜಿನ್' ಕೆಲಸ, ಕ್ರ್ಯಾಂಕಿನವರೆಗೂ ಬಿಚ್ಚಿದರೆ 'ಫುಲ್ ಎಂಜಿನ್'. ಯಾವುದು ಬೇಕೆಂಬುದನ್ನು ಅಳತೆ ತೀರ್ಮಾನಿಸಬೇಕೇ ಹೊರತು ಕಿಸೆಯಲ್ಲ.

ಇಳಿಸುವುದೇ ಮನೆಗೆಲಸದ ಮೊದಲ ಅಪಾಯ. ಗೇರ್‌ಬಾಕ್ಸೂ ಸೇರಿದರೆ ಎರಕದ ಈ ಎಂಜಿನ್ನು ಎರಡು ಕ್ವಿಂಟಲಿನಷ್ಟು ತೂಗುತ್ತದೆ. ಅದನ್ನು ಬೇವಿನ ಟೊಂಗೆಗೋ ಮಾಳಿಗೆ ಮನೆಯ ತೊಲೆಗೋ ಕಟ್ಟಿ ಎತ್ತುವ ರೂಢಿ ಹಳ್ಳಿಗಳಲ್ಲಿದೆ. ತೊಲೆ ಹೊರುವುದು ಮೇಲ್ಮುದ್ದೆಯ ಮಣ್ಣನ್ನು, ಅದೂ ಹರಡಿಕೊಂಡ ಭಾರವಾಗಿ. ಒಂದೇ ಬಿಂದುವಿನಲ್ಲಿ ಜೋತುಬಿದ್ದು ಅಲುಗಾಡುವ ಎರಡು ಕ್ವಿಂಟಲು ಬೇರೆಯದೇ ಲೆಕ್ಕ. ಒಳಗೆ ಗೆದ್ದಲು ತಿಂದದ್ದು ಹೊರಗೆ ಕಾಣುವುದಿಲ್ಲ. ಮೂರು ದಪ್ಪ ಕಬ್ಬಿಣದ ಕೊಳವೆಗಳ ಮುಕ್ಕಾಲಿ, ಅದಕ್ಕೊಂದು ಚೇನ್ ಪುಲ್ಲಿ, ಇವೆರಡನ್ನು ಬಾಡಿಗೆಗೆ ತಂದರೂ ಅಗ್ಗ. ಇನ್ನೊಂದು ಮಾತು: ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದು. ಜಾಕು ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಹಳೆಯ ಕ್ಲಚ್ ಪ್ಲೇಟು, ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳನ್ನು ಬಾಯಿಂದ ಊದುವ ಚಟ ಶ್ವಾಸಕೋಶಕ್ಕೆ ಕುತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು.

ಬಿಚ್ಚಲು ಶುರುಮಾಡಿದ ಮೇಲೆ ಬೇಕಾದದ್ದು ಬಲವಲ್ಲ, ಶಿಸ್ತು. ಅಂಗಳದಲ್ಲಿ ಹಳೆಯ ಪೆಟ್ಟಿಗೆಗಳು, ಡಬ್ಬಿಗಳು ಸಾಲಾಗಿ ಇರಬೇಕು. ಯಾವ ಬೋಲ್ಟು ಎಲ್ಲಿಯದೆಂದು ಚೀಟಿ ಇರಬೇಕು. ಹಿಂದೆ ಮಿಸ್ತ್ರಿಗಳು ನೆನಪಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಈಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟರೆ ನೆನಪಿನ ಹಂಗಿಲ್ಲ. ಕನೆಕ್ಟಿಂಗ್ ರಾಡುಗಳ ಮತ್ತು ಮುಖ್ಯ ಬೇರಿಂಗುಗಳ ಟೋಪಿಗಳನ್ನು ಮಾತ್ರ ಯಾವ ಕಾರಣಕ್ಕೂ ಅದಲು ಬದಲು ಮಾಡಬಾರದು. ಕಾರ್ಖಾನೆಯಲ್ಲಿ ಟೋಪಿ ಹಾಕಿ ಬಿಗಿದ ಮೇಲೆಯೇ ಆ ತೂತನ್ನು ಕೊರೆದಿರುತ್ತಾರೆ. ಒಂದರ ಟೋಪಿ ಇನ್ನೊಂದಕ್ಕೆ ಕೂತಂತೆ ಕಂಡರೂ ದುಂಡು ಕೆಟ್ಟಿರುತ್ತದೆ. ಬಿಚ್ಚುವ ಮೊದಲೇ ಒಂದು, ಎರಡು, ಮೂರು ಎಂದು ಗುರುತು ಹಾಕಿದವನಿಗೆ ಮುಂದೆ ತಲೆನೋವಿಲ್ಲ.

ಇಲ್ಲಿಂದ ಮುಂದೆ ಅಳತೆಯ ರಾಜ್ಯ. ಬಡಗಿಗೆ ಒಂದು ಸೂತು ಎಂದರೆ ಇಂಚಿನ ಎಂಟನೆಯ ಒಂದು ಭಾಗ. ಎಂಜಿನ್ನಿನ ಮಿಸ್ತ್ರಿಯ ಲೆಕ್ಕ ಥೌಗಳಲ್ಲಿ, ಅಂದರೆ ಇಂಚಿನ ಸಾವಿರದ ಒಂದು ಭಾಗದಲ್ಲಿ. ಬಡಗಿಯ ಒಂದು ಸೂತಿನಲ್ಲಿ 125 ಥೌಗಳಿವೆ. ತಲೆಗೂದಲು ಹೆಚ್ಚುಕಡಿಮೆ ಮೂರು ಥೌ ದಪ್ಪ. ಎರಡು ಇಂಚಿನ ಕ್ರ್ಯಾಂಕ್ ಜರ್ನಲಿಗೂ ಅದರ ಬೇರಿಂಗಿಗೂ ನಡುವೆ ಇರಬೇಕಾದ ಸಂದು ಸುಮಾರು ಎರಡು ಥೌ, ಕೂದಲಿಗಿಂತ ಕಡಿಮೆ! ಆ ಸಂದಿನಲ್ಲಿ ಆಯಿಲಿನ ತೆಳುಪರೆ ನಿಂತು ಇಡೀ ಎಂಜಿನ್ನಿನ ಭಾರ ಹೊರುತ್ತದೆ. ಸಂದು ಹೆಚ್ಚಾದರೆ ಆಯಿಲ್ ಸೋರಿ ಒತ್ತಡ ಬೀಳುತ್ತದೆ. ಕಡಿಮೆಯಾದರೆ ಆಯಿಲಿಗೆ ಜಾಗವಿಲ್ಲದೆ ಲೋಹಕ್ಕೆ ಲೋಹ ತಾಗಿ ಕಚ್ಚಿಕೊಳ್ಳುತ್ತದೆ.

ಸಿಲಿಂಡರು ಒಂದೇ ಸಮ ಸವೆಯುವುದಿಲ್ಲ. ಬೆಂಕಿ, ಒತ್ತಡ ಎರಡೂ ಹೆಚ್ಚು, ಆಯಿಲು ಕಡಿಮೆ ಇರುವ ಮೇಲ್ಭಾಗ ಜಾಸ್ತಿ ಸವೆಯುತ್ತದೆ. ಅದಕ್ಕೇ ಒಳಗೋಡೆಯ ತುದಿಯಲ್ಲಿ ಉಗುರಿಗೆ ಸಿಕ್ಕುವ ಒಂದು ಅಂಚು ಮೂಡಿರುತ್ತದೆ. ಎರೆಭೂಮಿಯ ಬೇಸಿಗೆಯ ಧೂಳು ಏರ್ ಕ್ಲೀನರನ್ನು ದಾಟಿ ಒಳಗೆ ಹೋದರೆ ಈ ಸವೆತ ಇನ್ನೂ ಬೇಗ. ಸವೆದು ಮೇಲಗಲ ಆದ ಸಿಲಿಂಡರಿಗೆ ಹೊಸ ರಿಂಗು ಹಾಕುವುದೆಂದರೆ ಸೊಟ್ಟ ಬಾಯಿಯ ಬಿಂದಿಗೆಗೆ ದುಂಡು ಮುಚ್ಚಳ ಹುಡುಕಿದಂತೆ. ನಾಲ್ಕು ತಿಂಗಳು ಹೊಗೆ ನಿಂತೀತು, ಆಮೇಲೆ ಮತ್ತದೇ ನೀಲಿ.

ಆಗ ಬೋರಿಂಗೇ ದಾರಿ. ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಬೋರಿಂಗ್ ಯಂತ್ರವಿರುವ ವರ್ಕ್‌ಶಾಪಿಗೆ ಬ್ಲಾಕನ್ನು ಹೊತ್ತು ಹೋಗಬೇಕು. 10, 20, 30, 40 ಥೌ ದೊಡ್ಡ ಅಳತೆಯ ಪಿಸ್ಟನ್ನುಗಳು ಬರುತ್ತವೆ. ಸವೆತ ಎಷ್ಟಿದೆಯೋ ಅದಕ್ಕೆ ಸಾಕಾಗುವಷ್ಟು ಮಾತ್ರ ಕೊರೆಸಬೇಕು. 'ಹೇಗೂ ಬಿಚ್ಚಿದ್ದೇವೆ, 40ಕ್ಕೇ ಹೋಗಿಬಿಡೋಣ, ಜೋರು ಬರುತ್ತದೆ' ಎಂಬ ಆಸೆ ಬೇಡ. 40 ಥೌ ಕೊರೆದರೆ 1489 ಸಿಸಿ ಹೋಗಿ 1530ರ ಆಸುಪಾಸು ಆದೀತು, ಶೇಕಡಾ ಮೂರರಷ್ಟೂ ಹೆಚ್ಚಿಲ್ಲ. ಅದಕ್ಕಾಗಿ ಮುಂದಿನ ಮೂರು ಬೋರಿಂಗಿನ ಆಯುಷ್ಯವನ್ನು ಒಂದೇ ದಿನ ಉಣ್ಣುವುದು ಯಾವ ಲೆಕ್ಕ? ಕೊರೆದ ಮೇಲೆ ಸಾಣೆಕಲ್ಲಿನಿಂದ ಅಡ್ಡಡ್ಡ ಗೀರು ಬರುವಂತೆ ಹೋನಿಂಗ್ ಮಾಡುತ್ತಾರೆ. ಕನ್ನಡಿಯ ಹಾಗೆ ನುಣುಪು ಮಾಡಿದರೆ ಆಯಿಲು ನಿಲ್ಲುವುದಿಲ್ಲ. ಆ ಸಣ್ಣ ಗೀರುಗಳೇ ಆಯಿಲ್ ಹಿಡಿಯುವ ಬದುಗಳು.

ಬ್ಲಾಕು ಮನೆಗೆ ಬಂದ ಮೇಲೆ ಬಿಸಿನೀರು, ಸೋಪಿನ ಪುಡಿ, ಬ್ರಶ್ಶು ಹಿಡಿದು ಸಿಲಿಂಡರುಗಳನ್ನು ತೊಳೆಯಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಸಾಣೆಕಲ್ಲಿನ ಪುಡಿ ಒಂದು ಚಿಟಿಕೆ ಉಳಿದರೂ ಅದು ಹೊಸ ರಿಂಗನ್ನು ಅರೆಯುತ್ತದೆ. ತೊಳೆದ ಕೂಡಲೇ ಆಯಿಲ್ ಸವರದಿದ್ದರೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ಅನಂತರ ಪ್ರತಿಯೊಂದು ರಿಂಗನ್ನೂ ಅದರದೇ ಸಿಲಿಂಡರಿನೊಳಗೆ ಇಳಿಸಿ ತುದಿಗಳ ನಡುವಣ ಸಂದನ್ನು ಫಿಲ್ಲರ್ ಗೇಜಿನಿಂದ ನೋಡಬೇಕು. ಇಂಚಿಗೆ ನಾಲ್ಕು ಥೌ ಎಂಬುದು ಹಳೆಯ ಲೆಕ್ಕ. ಈ ಎಂಜಿನ್ನಿಗೆ 11–12 ಥೌ. ರಿಂಗು ಕಾದು ಬೆಳೆದಾಗ ತುದಿಗಳು ಒಂದಕ್ಕೊಂದು ಒತ್ತಿಕೊಂಡರೆ ರಿಂಗು ಮುರಿಯುತ್ತದೆ, ಇಲ್ಲವೆ ಗೋಡೆ ಗೀರುತ್ತದೆ.

ಇನ್ನು ಅಕ್ಕಸಾಲಿಗನ ತಕ್ಕಡಿ. ನಿಮಿಷಕ್ಕೆ 4000 ಸುತ್ತು ತಿರುಗುವ ಈ ಕ್ರ್ಯಾಂಕಿನ ತುದಿಯಲ್ಲಿ ಒಂದೇ ಒಂದು ಗ್ರಾಂ ಹೆಚ್ಚಿದ್ದರೆ ಅದರ ಎಳೆತ ಸುಮಾರು 800 ಗ್ರಾಂ ತೂಕದಷ್ಟಾಗುತ್ತದೆ. ಹತ್ತು ಗ್ರಾಂ ವ್ಯತ್ಯಾಸವೆಂದರೆ ಎಂಟು ಕಿಲೊ, ಅದೂ ಸೆಕೆಂಡಿಗೆ 66 ಸಲ. ಸ್ಟೀರಿಂಗಿನಲ್ಲಿ ನಡುಕ ಬರುವುದು, ಬೇರಿಂಗು ಬೇಗ ಹೋಗುವುದು ಇದರಿಂದಲೂ ಇರಬಹುದು. ನಾಲ್ಕೂ ಪಿಸ್ಟನ್ನು, ನಾಲ್ಕೂ ರಾಡುಗಳನ್ನು ತೂಗಿ, ಭಾರವಿದ್ದುದರಲ್ಲಿ ಸರಿಯಾದ ಜಾಗದಲ್ಲಿ ಸ್ವಲ್ಪ ಅರೆದು ಹಗುರ ಇದ್ದುದಕ್ಕೆ ಸಮ ಮಾಡಿದರೆ ಎಂಜಿನ್ನಿನ ಹಾಡೇ ಬದಲಾಗುತ್ತದೆ. ಇದು ನಿಜವಾದ ಸುಧಾರಣೆ. ಹೊಸ ಸಾಮಾನು ಬೇಡ, ತಾಳ್ಮೆ ಸಾಕು.

ಗೇರ್‌ಬಾಕ್ಸು ಬಿಚ್ಚುವುದು ಎಂಜಿನ್ನಿಗಿಂತ ಸುಲಭ, ಕಟ್ಟುವುದು ಕಷ್ಟ. ಲೇ ಶಾಫ್ಟಿನ ಒಳಗಿನ ಸೂಜಿಯಂಥ ರೋಲರುಗಳು ಪಟಪಟ ಉದುರುತ್ತವೆ. ಗಟ್ಟಿ ಗ್ರೀಸು ಹಚ್ಚಿ ಒಂದೊಂದನ್ನೇ ಅಂಟಿಸಿ ಕೂರಿಸಬೇಕು, ಎಣಿಸಿ ಕೂರಿಸಬೇಕು. ಸಿಂಕ್ರೊ ಎಂಬ ಹಿತ್ತಾಳೆ ಉಂಗುರದ ಕೆಲಸ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಗೇರುಗಳನ್ನು ಕೂಡುವ ಮೊದಲು ಸಮವೇಗಕ್ಕೆ ತರುವುದು. ಒಂದರ್ಥದಲ್ಲಿ ಲಗ್ನಕ್ಕೆ ಮುನ್ನ ಎರಡೂ ಕಡೆಯ ಮಾತುಕತೆ. ಉಂಗುರವನ್ನು ಗೇರಿನ ಶಂಕುವಿಗೆ ಒತ್ತಿ ಹಿಡಿದಾಗ ನಡುವೆ ಸಂದು ಉಳಿಯದಿದ್ದರೆ ಉಂಗುರ ಸವೆದಿದೆಯೆಂದೇ ಅರ್ಥ. ಹಳೆಯ ಅಂಬಾಸಿಡರಿನ ಮೊದಲ ಗೇರಿಗೆ ಈ ಉಂಗುರವೇ ಇಲ್ಲ. ಅದಕ್ಕೇ ಕಾರು ಪೂರ್ತಿ ನಿಂತ ಮೇಲೆ ಫಸ್ಟ್ ಹಾಕಿರಿ ಎಂದು ಹಿರಿಯ ಡ್ರೈವರುಗಳು ಹೇಳುತ್ತಿದ್ದದ್ದು. ಗೇರ್ ಆಯಿಲಿನಲ್ಲೂ ವಿವೇಚನೆ ಬೇಕು. ಹಿಂದಿನ ಡಿಫರೆನ್ಶಿಯಲ್ಲಿಗೆ ಹಾಕುವ ಜಿಎಲ್-5 ಆಯಿಲಿನ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಹುದು. ಕಂಪನಿಯ ಕೈಪಿಡಿ ಹೇಳಿದ ಆಯಿಲನ್ನೇ ಹಾಕುವುದು ಕ್ಷೇಮ.

ಇಷ್ಟು ಮಾಡಿದರೆ ಹೊಸದು ಮಾಡಿದಂತಾಯಿತು. ಇನ್ನು ಜೋರು ಮಾಡುವ ಮಾತು.

ಇದೇ ಬ್ಲಾಕಿನ ಇಂಗ್ಲೆಂಡಿನ ದಾಯಾದಿ 1955ರಲ್ಲಿ ಎಂಜಿಎ ಎಂಬ ಓಟದ ಕಾರಿನಲ್ಲಿ ಕೂತಿತ್ತು. ಅದೇ 1489 ಸಿಸಿ. ಆದರೆ ಎರಡು ಕಾರ್ಬುರೇಟರು, ಹೆಚ್ಚಿನ ಕಂಪ್ರೆಶನ್ನು. ಅಂಬಾಸಿಡರಿನಲ್ಲಿ 50ರ ಆಸುಪಾಸು ಇದ್ದ ಅಶ್ವಶಕ್ತಿ ಅಲ್ಲಿ 70ರ ಹತ್ತಿರ. ಇಲ್ಲಿ ನಮ್ಮ ದೇಶದಲ್ಲಿ ಓಟ ಬೇರೆ ದಿಕ್ಕಿನದು. ಪೆಟ್ರೋಲ್ ದುಬಾರಿಯಾದಂತೆ ಜನ ಪೆಟ್ರೋಲ್ ಎಂಜಿನ್ನು ಕಿತ್ತು ಡೀಸೆಲ್ ಕೂರಿಸಲು ಶುರುಮಾಡಿದರು. ಕಂಪನಿಯೂ 1980ರ ಸುಮಾರಿಗೆ ಡೀಸೆಲ್ ಅಂಬಾಸಿಡರ್ ತಂದಿತು. ಅದರ ಶಕ್ತಿ 40 ಅಶ್ವಶಕ್ತಿಗಿಂತಲೂ ಕಡಿಮೆ. 1990ರ ದಶಕದ ಆರಂಭಕ್ಕೆ ಜಪಾನಿನ ಇಸುಝು ತಂತ್ರಜ್ಞಾನದ 1817 ಸಿಸಿ ಪೆಟ್ರೋಲ್ ಎಂಜಿನ್ನು, ಅದರ ಜೊತೆ ಐದು ಗೇರಿನ ಬಾಕ್ಸು ಬಂತು. ಸುಮಾರು 75 ಅಶ್ವಶಕ್ತಿ. ಹಳೆಯ ಕಾರಿದ್ದವರ ಕಣ್ಣು ಅಂದಿನಿಂದ ಆ ಎಂಜಿನ್ನಿನ ಮೇಲೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳಲ್ಲಿ ಹುಡುಕಾಡಿದರೆ ಹಳೆಯ ಕಾರುಗಳ ಅಂಗಾಂಗಗಳಿಗೆ ಬರವಿಲ್ಲ.

ಐದನೆಯ ಗೇರಿನ ಲಾಭ ಲೆಕ್ಕಕ್ಕೆ ಸಿಗುತ್ತದೆ. ಟೈರಿನ ಒಂದು ಸುತ್ತಿಗೆ ಕಾರು ಎರಡು ಮೀಟರು ಹೋಗುತ್ತದೆನ್ನಿ. ಗಂಟೆಗೆ 60 ಕಿಲೊಮೀಟರು ಎಂದರೆ ನಿಮಿಷಕ್ಕೆ ಸಾವಿರ ಮೀಟರು, ಅಂದರೆ ಚಕ್ರ 500 ಸುತ್ತು. ಹಿಂದಿನ ಆಕ್ಸಲಿನ ಅನುಪಾತ ನಾಲ್ಕೂವರೆ ಆದರೆ ನೇರ ಟಾಪ್ ಗೇರಿನಲ್ಲಿ ಎಂಜಿನ್ನು 2250 ಸುತ್ತು ತಿರುಗಬೇಕು. 0.85ರ ಐದನೆಯ ಗೇರು ಇದ್ದರೆ 1900 ಸಾಕು. ಸದ್ದು, ಸವೆತ, ಇಂಧನ ಮೂರೂ ಕಡಿಮೆ. ಆದರೆ ಇದು ಖಾಲಿ ನೇರ ರಸ್ತೆಯ ಮಾತು. ಆರು ಜನರನ್ನು ತುಂಬಿಕೊಂಡು ಏರು ಹತ್ತುವಾಗ ಐದನೆಯ ಗೇರಿನಲ್ಲಿ ದಮ್ಮು ಸಾಲದೆ ಮತ್ತೆ ನಾಲ್ಕಕ್ಕೇ ಬರಬೇಕು.

ಕಾರಿನ ಒಳಭಾಗಗಳು ಒಂದು ಕೂಡು ಕುಟುಂಬ. ಮನೆಯ ಹಿರಿಮಗ ಒಮ್ಮೆಗೇ ಹೆಚ್ಚು ದುಡಿಯಲು ಹೊರಟರೆ ಉಳಿದವರ ಮೇಲೂ ಭಾರ ಬೀಳುತ್ತದೆ. ಎಂಜಿನ್ನಿನ ತಿರುಗು ಬಲ ಹೆಚ್ಚಿಸಿದರೆ ಮೊದಲು ಜಾರುವುದು ಕ್ಲಚ್ಚು. ಕ್ಲಚ್ಚು ಗಟ್ಟಿ ಮಾಡಿದರೆ ಹೊಡೆತ ಗೇರಿನ ಹಲ್ಲಿಗೆ. ಗೇರು ಬದಲಿಸಿದರೆ ಆಕ್ಸಲಿಗೆ. ಎಂಜಿನ್ನು ಸುಡುವ ಪೆಟ್ರೋಲಿನ ಕಾವಿನಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಮಾತ್ರ ಓಟಕ್ಕೆ ಬರುತ್ತದೆ. ಉಳಿದದ್ದು ಸೈಲೆನ್ಸರಿನಿಂದ, ರೇಡಿಯೇಟರಿನಿಂದ ಹೊರಗೆ ಹೋಗಬೇಕು. ಮೇ ತಿಂಗಳ ಸುರಪುರದ ಬಿಸಿಲಲ್ಲಿ ಹಳೆಯ ರೇಡಿಯೇಟರು ಹಳೆಯ ಎಂಜಿನ್ನಿಗೇ ಏದುಸಿರು ಬಿಡುತ್ತದೆ. ಅದಕ್ಕೆ ಒಂದೂವರೆ ಪಟ್ಟು ಶಕ್ತಿಯ ಎಂಜಿನ್ನು ಗಂಟು ಹಾಕಿದರೆ?

ಎಲ್ಲಕ್ಕಿಂತ ಮಿಗಿಲಾಗಿ ಬ್ರೇಕು. ಓಡುವ ಕಾರನ್ನು ನಿಲ್ಲಿಸಲು ಕರಗಿಸಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಬ್ರೇಕಿನ ಮೇಲಿನ ಹೊರೆ ಎರಡೂಕಾಲು ಪಟ್ಟು. ಹಳೆಯ ಡ್ರಮ್ ಬ್ರೇಕು ಕಾದಂತೆ ಹಿಡಿತ ಕಳೆದುಕೊಳ್ಳುತ್ತದೆ. ತಿಂಥಣಿ ಸೇತುವೆಯ ಮೇಲೆ ಎದುರಿಗೆ ಹತ್ತಿ ತುಂಬಿದ ಟ್ರ್ಯಾಕ್ಟರು ಬಂದಾಗ ಕಾರಿನಲ್ಲಿ ಕುಳಿತ ಮಕ್ಕಳನ್ನು ಕಾಯುವುದು 75 ಅಶ್ವಶಕ್ತಿಯಲ್ಲ, ನಾಲ್ಕು ಬ್ರೇಕ್ ಡ್ರಮ್ಮುಗಳು. ಆದ್ದರಿಂದ ಶಕ್ತಿ ಹೆಚ್ಚಿಸಲು ಎತ್ತಿಟ್ಟ ಹಣ ಮೊದಲು ಹೋಗಬೇಕಾದದ್ದು ಬ್ರೇಕಿಗೆ, ಆಮೇಲೆ ರೇಡಿಯೇಟರಿಗೆ, ಟೈರಿಗೆ. ಇಷ್ಟಕ್ಕೇ ಹಣ ಮುಗಿದರೆ ಅದೇ ಒಳ್ಳೆಯದಾಯಿತು ಎನ್ನಬೇಕು.

ಕಾನೂನೂ ಇದೇ ದಿಕ್ಕಿನಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನ ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಕಾನೂನು ಮೀರಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಮಾರ್ಪಾಟಿಗೆ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸವೆದ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಅಡ್ಡಿಯಿಲ್ಲ. ಎಂಜಿನ್ನನ್ನೇ ಬದಲಿಸುವುದಾದರೆ ಮುಂಚಿತವಾಗಿ ಆರ್‌ಟಿಓ ಕಚೇರಿಯ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರು ಆರ್‌ಸಿ ಪುಸ್ತಕದಲ್ಲಿ ಏರಬೇಕು. ಇಲ್ಲದಿದ್ದರೆ ಅಪಘಾತದ ದಿನ ವಿಮೆಯವರು ಮೊದಲು ನೋಡುವುದು ಆ ನಂಬರನ್ನೇ.

ಇನ್ನೊಂದು ಹೊಸ ಸಂಗತಿ. 2021ರ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಮಾರ್ಪಾಟು ಆಗದ ಕಾರಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿ ಸಿಗುತ್ತದೆ. 1970ರ ದಶಕದ ಆರಂಭದ ಅಂಬಾಸಿಡರುಗಳು ಆ ವಯಸ್ಸು ದಾಟಿವೆ. ಜಪಾನಿನ ಎಂಜಿನ್ನು ಕೂರಿಸಿದ ದಿನವೇ ಆ ಹಕ್ಕು ಹೋಗುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲು ನೋಡಿದವರಿಗೆ ಮೂಲರೂಪದ ಬೆಲೆ ಏನೆಂಬುದು ಗೊತ್ತು.

ಹಾಗಾದರೆ ಹಳೆಯ ಎಂಜಿನ್ನಿಗೆ ಯಾವ ಸುಧಾರಣೆಯೂ ಬೇಡವೆ? ಬೇಕು, ಎರಡು ಖಂಡಿತ ಬೇಕು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿತು. ಆರೋಗ್ಯಕ್ಕೆ ಅದು ವರವೇ. ಆದರೆ ಆ ಸೀಸ ಹಳೆಯ ಎಂಜಿನ್ನುಗಳ ಮೆತ್ತನೆಯ ವಾಲ್ವ್ ಸೀಟಿಗೆ ಮುಲಾಮಿನಂತಿತ್ತು. ಅದಿಲ್ಲದೆ ಸೀಟು ಕುಸಿಯುತ್ತಾ ಹೋಗುತ್ತದೆ. ಹೆಡ್ಡು ಬಿಚ್ಚಿದಾಗಲೇ ಗಟ್ಟಿ ಲೋಹದ ಸೀಟು ಕೂರಿಸಿದರೆ ಆ ಚಿಂತೆ ತಪ್ಪಿತು. ಎರಡನೆಯದು ಎಥೆನಾಲು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವುದು ದೇಶದಲ್ಲಿ ರೂಢಿಗೆ ಬಂತು. ಹಳೆಯ ರಬ್ಬರ್ ಪೈಪು, ಪಂಪಿನ ಪೊರೆಗಳು ಅದಕ್ಕೆ ತಾಳದೆ ಉಬ್ಬುತ್ತವೆ, ಬಿರಿಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಎಥೆನಾಲ್ ತಾಳುವ ಪೈಪುಗಳನ್ನೇ ಹಾಕಿಸಬೇಕು. ಇವು ಯಾರ ಕಣ್ಣಿಗೂ ಬೀಳದ ಸುಧಾರಣೆಗಳು. ಗೆಳೆಯರ ಮುಂದೆ ತೋರಿಸಲು ಏನೂ ಇರುವುದಿಲ್ಲ. ಆದರೆ ಕಾರು ಇನ್ನಿಪ್ಪತ್ತು ವರ್ಷ ಬದುಕುವುದು ಇಂಥವುಗಳಿಂದಲೇ.

ಕಟ್ಟಿ ಮುಗಿದ ಎಂಜಿನ್ನನ್ನು ಒಮ್ಮೆಲೇ ಸ್ಟಾರ್ಟ್ ಮಾಡುವ ಆತುರ ಬೇಡ. ಪ್ಲಗ್ಗುಗಳನ್ನು ತೆಗೆದು, ಆಯಿಲ್ ಒತ್ತಡ ಏರುವವರೆಗೆ ಬರಿದೇ ತಿರುಗಿಸಬೇಕು. ಒಣ ಬೇರಿಂಗಿನ ಮೇಲಿನ ಮೊದಲ ಅರ್ಧ ನಿಮಿಷ ಇಡೀ ಶ್ರಮವನ್ನು ನುಂಗಬಲ್ಲದು. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಗೆ, ಎರಡು ಮೂರು ಹಂತದಲ್ಲಿ, ಟಾರ್ಕ್ ಪಾನಾದಿಂದ ಬಿಗಿಯಬೇಕು. ಮೊದಲ 500 ಕಿಲೊಮೀಟರು ಹಸುಗೂಸಿನಂತೆ ನಡೆಸಿ ಆಯಿಲ್ ಬದಲಿಸಬೇಕು. ತೆಗೆದ ಆಯಿಲನ್ನು ಗಟಾರಕ್ಕೆ, ಕಾಲುವೆಗೆ ಸುರಿಯಬಾರದು. ಅದು ಕೊನೆಗೆ ಸೇರುವುದು ಕೃಷ್ಣೆಯನ್ನೇ, ಕುಡಿಯುವವರು ಕೆಳಗಿನ ಊರಿನವರು.

ಇಂದಿನ ಹೊಸ ಕಾರುಗಳಿಗೆ ಕೈ ಹಾಕುವ ಮೊದಲು ಲ್ಯಾಪ್‌ಟಾಪ್ ಬೇಕು. ಊರ ಮಿಸ್ತ್ರಿಯ ಕೆಲಸ ಕಡಿಮೆಯಾಗುತ್ತಿದೆ, ಅವನ ಕೈಕೆಳಗೆ ಬರುವ ಹುಡುಗರೂ ಕಡಿಮೆ. ಹಾಗಿರುವಾಗ ಅಂಗಳದಲ್ಲಿ ಇಳಿದ ಒಂದು ಹಳೆಯ ಎಂಜಿನ್ನು, ಐಟಿಐಗೆ ಹೋಗುವ ಹುಡುಗನಿಗೆ ಪುಸ್ತಕ ಕಲಿಸದ್ದನ್ನು ಕಲಿಸೀತು. ಕೂದಲಿಗಿಂತ ತೆಳ್ಳಗಿನ ಸಂದನ್ನು ಬೆರಳ ತುದಿಯಲ್ಲಿ ಗುರುತಿಸುವುದು, ಎಣಿಸಿ ಇಡುವುದು, ತೂಗಿ ಜೋಡಿಸುವುದು, ತನ್ನ ಕೈಲಾಗದ್ದನ್ನು ಬಲ್ಲವನಿಗೆ ಒಪ್ಪಿಸುವುದು. ಪಂಚಾಳರ ಐದೂ ಕಸುಬುಗಳಿಗೆ ತಳಹದಿ ಇದೇ. ಎಂಜಿನ್ನು ಎಷ್ಟು ಜೋರಾಗಿದೆ ಎಂಬುದನ್ನು ಯಾರು ಬೇಕಾದರೂ ಹೇಳಿಯಾರು. ಎಷ್ಟು ಜೋರು ಸಾಕು ಎಂದು ಹೇಳಲು ಮಾತ್ರ ಅಳತೆ ಬಲ್ಲವನೇ ಬೇಕು.